ಖಾಕಿ ಹುಡುಗ ಕುಡಿಯದೆ ಹೋದ ನೀರು

೧೯೪೪ರ ಬೇಸಿಗೆಯಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ನಮ್ಮ ಕಾಲೇಜಿನ ಮೇಷ್ಟರೊಬ್ಬರು ನನ್ನ ದೊಡ್ಡವ್ವನ ಕಣ್ಣೆದುರಿಗೆ ಅವಳ ಬದುಕಿದ್ದ ಮಗನನ್ನು ಸತ್ತವನನ್ನಾಗಿ ಮಾಡಿ, ಅವಳು ಗೋಳಾಡಿದ್ದನ್ನು ಚಿತ್ರ ತೆಗೆದುಕೊಂಡು ಹೋದರು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ.

ನಾನಾಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಇಂಗ್ಲಿಷ್ ಪಾಠ ಹೇಳುತ್ತಿದ್ದ ಆ ಮೇಷ್ಟರು ಆಸಕ್ತರಾದ ಕೆಲವರನ್ನು ಸಂಜೆ ಕೂರಿಸಿಕೊಂಡು ಕಥೆ ಬರೆಯುವುದನ್ನೂ ಅದನ್ನು ಸಿನಿಮಾಕ್ಕೆ ಹೊಂದಿಸುವುದನ್ನೂ ಕಲಿಸುತ್ತಿದ್ದರು. ಅವರ ಬಳಿ ಕೀಲಿ ಕೊಟ್ಟು ನಡೆಸುವ ಒಂದು ಸಣ್ಣ ಕ್ಯಾಮೆರಾ ಇತ್ತು. ಕೀಲಿ ಮುಗಿದರೆ ಅದು ತಾನಾಗಿ ನಿಲ್ಲುತ್ತಿತ್ತು. ಮತ್ತೆ ಓಡಬೇಕಾದರೆ ಮತ್ತೆ ಕೀಲಿ ಕೊಡಬೇಕಿತ್ತು. ಇದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಆ ವರ್ಷ ಚಿತ್ರಕ್ಕೆ ಆರಿಸಿದ್ದು ನಾನು ಬರೆದ ಕಥೆಯನ್ನು. ದಂಡಿಗೆ ಹೋದ ಮಗ ರಜೆಯ ಮೇಲೆ ಬರುತ್ತಾನೆ; ತಾಯಿ ಬಾಗಿಲಲ್ಲಿ ನೀರು ಕೊಡುತ್ತಾಳೆ; ಅವನು ಕುಡಿಯುತ್ತಾನೆ. ಅಷ್ಟೇ ಕಥೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ. ಸಾವಿನ ಸುದ್ದಿ ತಂದವನು ಮಾತ್ರ ಹೊಸಿಲು ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ. ಆದ್ದರಿಂದಲೇ ಮಗ ನೀರು ಕುಡಿದರೆ ತಾಯಿಗೆ ಅಷ್ಟು ಸಮಾಧಾನ. ಇದನ್ನು ನಾನೇ ಮೇಷ್ಟರಿಗೆ ವಿವರಿಸಿದ್ದೆ. ಅವರು "ಭೇಷ್" ಎಂದಿದ್ದರು.

ಮಳವಳ್ಳಿಯ ಹತ್ತಿರದ ನಮ್ಮ ಊರಿನಲ್ಲಿ ಚಿತ್ರ ತೆಗೆಯುವುದೆಂದಾಯಿತು. ತಾಯಿಯಿಲ್ಲದ ನನ್ನನ್ನು ಸಾಕಿದ ದೊಡ್ಡವ್ವ ನಿಂಗಮ್ಮ ತಾಯಿಯ ಪಾತ್ರಕ್ಕೆ ಒಪ್ಪಿದಳು. ಅವಳ ಒಬ್ಬನೇ ಮಗ ಪುಟ್ಟಸ್ವಾಮಿ ಆಗ ಬರ್ಮಾದ ಗಡಿಯಲ್ಲಿದ್ದ. ಅವನ ಕಾಗದ ನಿಂತು ಬಹಳ ದಿನಗಳಾಗಿದ್ದವು. ಮದ್ದೂರಿನಲ್ಲಿ ರೈಲಿಳಿದು ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಮಳವಳ್ಳಿಯ ಬಸ್ಸಿಗೆ ಕಾಯುತ್ತಿದ್ದಾಗ ಇದನ್ನೂ ಮೇಷ್ಟರಿಗೆ ತಿಳಿಸಿ, "ಅವಳ ಮುಂದೆ ಯುದ್ಧದ ಮಾತು ಬೇಡ ಸಾರ್" ಎಂದು ಕೇಳಿಕೊಂಡಿದ್ದೆ.

ಊರು ಸೇರಿದ ಮೇಲೆ ಮೇಷ್ಟರು ದೊಡ್ಡವ್ವನಿಗೆ, "ಊಟವಾದ ಮೇಲೆ ಶುರು ಮಾಡೋಣ ತಾಯಿ" ಎಂದರು. ನನ್ನನ್ನು ಕರೆದು, ಕೆರೆಯ ಏರಿಯ ಮೇಲೆ ಒಳ್ಳೆಯ ಜಾಗವಿದೆಯೇ ನೋಡಿಕೊಂಡು ಬಾ ಎಂದು ಕಳುಹಿಸಿದರು. ನಾನು ಹೋದೆ.

ಏರಿಯ ಮೇಲಿದ್ದಾಗಲೇ ಆ ಕೂಗು ಕೇಳಿತು. ಯಾರ ದನಿಯೆಂದು ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಟೆಲಿಗ್ರಾಂ ಬಂತೆಂದೇ ತಿಳಿದು ಓಡಿದೆ. ದಾರಿಯುದ್ದಕ್ಕೂ ಪುಟ್ಟಸ್ವಾಮಿಯ ಮುಖವೇ ಕಣ್ಣ ಮುಂದೆ.

ಮನೆಯ ಮುಂದೆ ಖಾಕಿ ತೊಟ್ಟ ಹುಡುಗನೊಬ್ಬ ತಲೆ ತಗ್ಗಿಸಿ ನಿಂತಿದ್ದ. ದೊಡ್ಡವ್ವ ಹೊಸಿಲ ಮೇಲೆ ಕುಸಿದು ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಹುಡುಗ ಮುಖವೆತ್ತಿದಾಗ ನೋಡಿದರೆ, ನನ್ನ ಸಹಪಾಠಿ ಶ್ರೀಕಂಠ. ಹುಲ್ಲಿನ ಮೆದೆಯ ಹಿಂದೆ ಮೇಷ್ಟರ ಕ್ಯಾಮೆರಾ ಗರಗರನೆ ಓಡುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಅದು ನಿಂತಿತು. ಮೇಷ್ಟರು ಮತ್ತೆ ಕೀಲಿ ಕೊಟ್ಟರು.

ನಡೆದದ್ದನ್ನು ಪಕ್ಕದ ಮನೆಯ ಕೆಂಪಮ್ಮ ಆಮೇಲೆ ಹೇಳಿದಳು. ಶ್ರೀಕಂಠ ನಮಗಿಂತ ಮುಂಚಿನ ಬಸ್ಸಿನಲ್ಲಿ ಬಂದು ಅವಳ ಕೊಟ್ಟಿಗೆಯಲ್ಲಿ ಬಟ್ಟೆ ಬದಲಿಸಿದ್ದ. ದೊಡ್ಡವ್ವ ಅವನನ್ನು ಕಂಡೇ ಇರಲಿಲ್ಲ. ಮೇಷ್ಟರು ನೆಲದ ಮೇಲೆ ಗೆರೆ ಎಳೆದು, ಇದನ್ನು ದಾಟಬೇಡ, ಮಾತಾಡಬೇಡ, ನೀರು ಕೊಟ್ಟರೆ ಮುಟ್ಟಬೇಡ ಎಂದು ಅವನಿಗೆ ಹೇಳಿಕೊಟ್ಟಿದ್ದರು. ದೊಡ್ಡವ್ವ ಚೊಂಬು ಹಿಡಿದು, "ಬಾಪ್ಪ ಒಳಿಕೆ, ಬಿಸ್ಲಲ್ಲಿ ಯಾಕ್ ನಿಂತಿದ್ದೀಯೆ" ಎಂದಳಂತೆ. ಅವನು ಅಲುಗಲಿಲ್ಲ. "ನೀರ್ ಕುಡಿಯಾಕಿಲ್ವಾ? ನನ್ ಮಗ ಎಲ್ಲವ್ನೆ ಏಳಪ್ಪ" ಎಂದಳಂತೆ. ಅವನು ತಲೆ ತಗ್ಗಿಸಿದನಂತೆ.

ನಾನು ದೊಡ್ಡವ್ವನನ್ನು ಹಿಡಿದುಕೊಂಡು, "ಇದು ಆಟ ಕಣವ್ವ, ಇವನು ನನ್ನ ಜೊತೆ ಓದೋ ಹುಡುಗ" ಎಂದೆ.

"ಸುಳ್ಳೇಳ್ಬ್ಯಾಡ ಕಣ್ಲಾ. ಅವ್ನು ನೀರ್ ಮುಟ್ನಿಲ್ಲ."

ಬಹಳ ಹೊತ್ತು ಸಮಾಧಾನ ಮಾಡಿದ ಮೇಲೆ ಎದ್ದಳು. ಚೆಲ್ಲಿದ ಚೊಂಬನ್ನು ಮತ್ತೆ ತುಂಬಿಸಿ ತಂದು ಶ್ರೀಕಂಠನ ಮುಂದೆ ಹಿಡಿದಳು. "ಆಟವಾದ್ರೆ ಆಟವೇ ಆಗ್ಲಪ್ಪ. ಒಂದ್ ಗುಟುಕು ಕುಡ್ದೋಗು. ನಿನ್ ದಮ್ಮಯ್ಯ."

ಅವನು ಮೇಷ್ಟರ ಮುಖ ನೋಡಿದ. ಮೇಷ್ಟರು ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕುತ್ತ, "ಇಂಥ ನಂಬಿಕೆಗಳಿಗೆ ಓದಿದವರೇ ನೀರೆರೆದು ಬೆಳೆಸಬಾರದು. ನಡಿ, ಬಸ್ಸು ತಪ್ಪುತ್ತೆ" ಎಂದರು. ಅವನು ಹೊರಟ.

"ನಮ್ಮನೆ ನೀರು ಅವ್ರಿಗೆ ಆಗಾಕಿಲ್ವೇನೋ ಬುಡು ನಿಂಗವ್ವ" ಎಂದಳು ಕೆಂಪಮ್ಮ. ಅಂದು ಆ ಬಸ್ಸು ತಡವಾಗಿ ಬಂತು. ಅವರಿಬ್ಬರೂ ಊರ ಮುಂದಿನ ಹುಣಸೆಮರದ ಕೆಳಗೆ ಎಳನೀರು ಕುಡಿಯುತ್ತ ಕುಳಿತಿದ್ದುದನ್ನು ನಾನು ನಮ್ಮ ಜಗಲಿಯಿಂದಲೇ ಕಂಡೆ.

ನಾನು ಮೇಷ್ಟರ ಸಂಜೆ ತರಗತಿಗೆ ಮತ್ತೆ ಹೋಗಲಿಲ್ಲ. ಚಿತ್ರವನ್ನು ಕಾಲೇಜಿನಲ್ಲಿ ತೋರಿಸಿದಾಗ ಹಳ್ಳಿಯ ಹೆಂಗಸಿನ ಸಹಜಾಭಿನಯಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರೆಂದು ಕೇಳಿದೆ. ಕಥೆ ಬರೆದವನ ಹೆಸರು ಅದರಲ್ಲಿರಲಿಲ್ಲ. ಅದನ್ನು ನಾನಿಲ್ಲಿ ದೂರುತ್ತಿಲ್ಲ.

ದೊಡ್ಡವ್ವ ಆ ಚೊಂಬನ್ನು ಒಳಗೆ ತೆಗೆದುಕೊಳ್ಳಲೇ ಇಲ್ಲ. ದಿನವೂ ಬೆಳಗ್ಗೆ ನೀರು ಬದಲಿಸಿ ಹೊಸಿಲ ಪಕ್ಕದಲ್ಲಿಡುತ್ತಿದ್ದಳು. ಅಂಚೆಯವನು ಬೀದಿಯಲ್ಲಿ ಕಂಡರೆ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು. ನಾನು ರಜೆಗೆ ಬಂದಾಗಲೆಲ್ಲ ಅವಳು ಇನ್ನಷ್ಟು ಇಳಿದುಹೋಗಿರುತ್ತಿದ್ದಳು.

ಯುದ್ಧ ಮುಗಿದ ಮೇಲೆ ಒಂದು ಮಧ್ಯಾಹ್ನ ಪುಟ್ಟಸ್ವಾಮಿ ಬಂದ. ಮದ್ದೂರಿನಲ್ಲಿಳಿದು, ಬಸ್ಸು ಸಿಗದೆ, ಗಾಡಿ ಹಿಡಿದು ಬಂದಿದ್ದ. ದೊಡ್ಡವ್ವ ಅವನನ್ನು ಮಾತಾಡಿಸಲಿಲ್ಲ, ಮುಟ್ಟಲಿಲ್ಲ. ಚೊಂಬನ್ನು ಮುಂದಕ್ಕೆ ಹಿಡಿದಳು. ಅವನು ನಿಂತಲ್ಲೇ ಎತ್ತಿ ಕುಡಿದು, "ಇನ್ನೊಂದ್ ಚೊಂಬು ತತ್ತಾವ್ವ" ಎಂದ. ಆಮೇಲೆ ಅವಳು ಅತ್ತಳು.

ಮೇಷ್ಟರು ಈಗಿಲ್ಲ. ಶ್ರೀಕಂಠ ಇದ್ದಾನೆ, ಈ ಪತ್ರಿಕೆಯನ್ನು ಓದುತ್ತಾನೆಂದೂ ಬಲ್ಲೆ. ಅವನನ್ನು ಕೇಳುವುದು ಇಷ್ಟೇ: ಮೇಷ್ಟರು ಎರಡನೆಯ ಸಲ ಕೀಲಿ ಕೊಡುವವರೆಗೂ ಗೆರೆ ದಾಟದೆ ನಿಂತಿರಲು ನಿನಗೆ ಬಿಡುವಿತ್ತು, ನಮ್ಮ ದೊಡ್ಡವ್ವನ ಕೈಯಿಂದ ಒಂದು ಗುಟುಕು ನೀರು ಕುಡಿಯಲು ಏಕಿರಲಿಲ್ಲ?