ಟವೆಲ್ ಕೆಳಗಿನ ಬೆಲೆ

ಮೊನ್ನೆ ಒಂದು ಟವೆಲ್ಲಿನ ಕೆಳಗೆ ಕೈ ತೂರಿಸಿ ಮೂರು ಟಗರುಗಳನ್ನು ನೀರಿನ ಬೆಲೆಗೆ ಮಾರಿಬಿಡುವುದರಲ್ಲಿದ್ದೆ. ಟಗರು ನನ್ನದಲ್ಲ. ನನ್ನದಾಗಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ!

ಟಗರು ಮಾದೇವಮ್ಮನದು. ಬನ್ನೂರಿನ ಹತ್ತಿರದ ಹಳ್ಳಿಯವಳು, ನನ್ನ ಹೆಂಡತಿಯ ಬಾಲ್ಯದ ಗೆಳತಿ. ಹಾಗಾಗಿ ನಾನು ಆಕೆಗೆ ‘ಬಾವ’. ಸೋಮವಾರ ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಬೇಕು. ಮೂವತ್ತು ಸಾವಿರ. ಕಟ್ಟದಿದ್ದರೆ ಸೀಟು ಹೋಗುತ್ತದೆ. ಸಂತೆಗೆ ಹೋಗಬೇಕಾಗಿದ್ದ ಗಂಡನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ನಂಜನಗೂಡಿನ ನಮ್ಮ ಮನೆಗೆ ಫೋನ್ ಬಂತು.

“ಬಾವ, ಒಸಿ ಕೈ ಎರವಲು ಕೊಡಿ.”

“ಕೈಯಾ?”

“ಊ ಕಣ್ರೀ. ಗಂಡಸ್ರ ಟವಲ್ ಒಳಕ್ಕೆ ನಾನ್ ಎಂಗೆ ಕೈ ಇಕ್ಲಿ?”

ನಮ್ಮ ಕಡೆಯ ಕುರಿ, ದನದ ಸಂತೆ ನೋಡಿದವರಿಗೆ ಗೊತ್ತು. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಕೈಮೇಲೆ ಟವೆಲ್ ಹಾಕುತ್ತಾನೆ, ಒಳಗೆ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಅಂದರೆ ಒಂದು ಸಾವಿರ. ಸುತ್ತ ಇದ್ದವರಿಗೆ ಏನೂ ತಿಳಿಯಬಾರದು. (ಕುರಿಗೂ.)

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು. ಮಾರುಕಟ್ಟೆಗಳು ಒಂದಕ್ಕೊಂದು ಬೆಸೆದುಕೊಂಡರೆ ಒಂದು ವಸ್ತುವಿಗೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಬೆಲೆ ಬರುತ್ತದೆ ಅಂತ ಬೋರ್ಡಿನ ಮೇಲೆ ಬರೆದೂ ಬರೆದೂ ಚಾಕ್‌ಪೀಸ್ ಸವೆಸಿದ್ದೇನೆ. ಈ ಬೆರಳಿನ ವ್ಯಾಪಾರ ಯಾವ ಲೆಕ್ಕ ಅಂದುಕೊಂಡು ಜಂಬದಿಂದಲೇ ಹೋದೆ.

ದಲ್ಲಾಳಿ ಸಿದ್ದಣ್ಣ ಟವೆಲ್ ಹೊದಿಸಿದ. ಐದೂ ಬೆರಳು ಹಿಡಿದು ಅದುಮಿದ. ಕೈ ಸ್ವಲ್ಪ ಅಲ್ಲಾಡಿಸಿ ಮತ್ತೆ ಅದುಮಿದ. ಆಮೇಲೆ ಎರಡು ಬೆರಳು. ಐದು, ಐದು, ಎರಡು. ಒಂದಕ್ಕೆ ಹನ್ನೆರಡು ಸಾವಿರ! ಖುಷಿಯಿಂದ ತಲೆ ಆಡಿಸಿಬಿಟ್ಟೆ.

“ಎಷ್ಟಕ್ಕಾಯ್ತು ಬಾವ?” ಮಾದೇವಮ್ಮ ಕಿವಿಯಲ್ಲಿ ಕೇಳಿದಳು.

“ಹನ್ನೆರಡು.”

ಸಿದ್ದಣ್ಣ ನಕ್ಕ. “ಏಳು ಸಾ! ಐದು, ಎರಡು, ಏಳು. ಇನ್ನೊಂದ್ ಸಲ ಅದುಮಿದ್ದು ಸುಮ್ಕೆ ಪ್ರೀತಿಗೆ. ಒಪ್ಪಾಯ್ತಲ್ಲ, ಇನ್ನು ಮಾತಿಲ್ಲ.”

ಮೂರಕ್ಕೆ ಇಪ್ಪತ್ತೊಂದು. ಫೀಸಿಗೆ ಒಂಬತ್ತು ಸಾವಿರ ಕಡಿಮೆ. ಮಾದೇವಮ್ಮನ ಮುಖ ನೋಡಲಾಗಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ನನ್ನ ಹತ್ತಿರ ಇದ್ದದ್ದು ಆ ಒಕ್ಕಾಲು ಮಾತ್ರ.

ಒಂದು ವಿಚಿತ್ರ ನೋಡಿ. ಮುಂಬೈನಲ್ಲಿ ಯಾವುದೋ ಷೇರು ಎರಡು ರೂಪಾಯಿ ಏರಿದರೆ ನಂಜನಗೂಡಿನಲ್ಲಿ ಕಾಫಿ ಕುಡಿಯುತ್ತಿರುವ ನನ್ನ ಮೊಬೈಲಿಗೆ ತಕ್ಷಣ ಗೊತ್ತಾಗುತ್ತದೆ. ಅದೇ, ತಾನೇ ಸಾಕಿದ ಟಗರಿನ ಬೆಲೆ ಎರಡಡಿ ದೂರದಲ್ಲಿ ನಿಂತ ಮಾದೇವಮ್ಮನಿಗೆ ಗೊತ್ತಾಗುವುದಿಲ್ಲ. ಇದಕ್ಕೆ ಏನನ್ನಬೇಕು?

ಆಕೆ ಸೆರಗು ಸಿಕ್ಕಿಸಿ ಮೊಬೈಲ್ ತೆಗೆದಳು. ಹುಲ್ಲಹಳ್ಳಿಯ ತಂಗಿ ಕಳಿಸಿದ್ದ ವಾಯ್ಸ್ ಮೆಸೇಜನ್ನು ಸ್ಪೀಕರಿನಲ್ಲಿ ಹಾಕಿದಳು. “ಅಕ್ಕಾ, ಓದ್ ವಾರ ನಮ್ದು ಇದೇ ಸೈಜಿನ ಟಗರು ಅನ್ನೊಂದ್ ಸಾವ್ರಕ್ಕೆ ಓಯ್ತು. ಕಮ್ಮಿಗೆ ಕೊಟ್ಟೀಯ!”

ಸುತ್ತಲಿದ್ದವರೆಲ್ಲ ತಿರುಗಿದರು.

“ಸಿದ್ದಣ್ಣ, ಟವಲ್ ಎಗಲ್ ಮ್ಯಾಲೆ ಆಕ್ಕೋ. ಬಾಯಲ್ಲಿ ಯೋಳು. ಕುರಿ ಕಟ್ಟಿ ಮೇಯ್ಸಿದ್ದು ನಾನು. ಒಪ್ಕೊಂಡಿದ್ದು ಬಾವ, ನಾನಲ್ಲ.”

ಸಿದ್ದಣ್ಣನ ಮುಖ ಹುಳ್ಳಗಾಯಿತು. ಅವನು ಬಾಯಿ ಬಿಡುವ ಮೊದಲೇ ಹಿಂದೆ ನಿಂತಿದ್ದ ಮೈಸೂರಿನ ಮಟನ್ ವ್ಯಾಪಾರಿ, “ಹತ್ತೂವರೆ ನಾನು ಕೊಡ್ತೀನಿ” ಅಂದ. ಸಿದ್ದಣ್ಣ ಎದೆ ಉಬ್ಬಿಸಿ “ಅನ್ನೊಂದು!” ಎಂದು ಕೂಗಿದ. ಮೂರೂ ಟಗರು ಅವನಿಗೇ ಹೋದವು. ಅವನಿಗೂ ನಷ್ಟವಿರಲಿಲ್ಲ, ಇದ್ದಿದ್ದರೆ ಕೂಗುತ್ತಿದ್ದನೇ?

ಆಮೇಲೆ ನಡೆದದ್ದು ನನಗೆ ಇನ್ನೂ ಖುಷಿ ಕೊಟ್ಟಿತು. ಪಕ್ಕದಲ್ಲಿ ಎರಡು ಮರಿ ಹಿಡಿದು ನಿಂತಿದ್ದ ಹೆಂಗಸು ಮೆಲ್ಲಗೆ ಅಂದಳು, “ಅಣ್ಣೋ, ನಮ್ದೂ ಬಾಯಲ್ಲೇ ಯೋಳಪ್ಪ.” ಸಿದ್ದಣ್ಣ ತಲೆ ಕೆರೆದುಕೊಂಡ. ಹೇಳಿದ ಕೂಡ! ಹತ್ತು ಸೆಮಿನಾರು ಮಾಡಿದರೂ ಆಗದ್ದು ಒಂದು ಸ್ಪೀಕರ್ ಫೋನಿನಿಂದ ಆಯಿತು. ಸಂತೆಯೆಲ್ಲ ಬದಲಾಯಿತು ಅಂತ ನಾನು ಹೇಳುವುದಿಲ್ಲ. ಆಚೆ ಸಾಲಿನಲ್ಲಿ ಟವೆಲ್ಲುಗಳು ಇನ್ನೂ ಇದ್ದವು. ಈಚೆ ಸಾಲಿನಲ್ಲಿ ಎರಡು ಕಡಿಮೆಯಾಗಿದ್ದವು.

ಸೋಮವಾರ ಬೆಳಿಗ್ಗೆ ಮಾದೇವಮ್ಮನ ಫೋನು. ಫೀಸು ಕಟ್ಟಿಯಾಗಿದೆ, ಸೀಟು ಉಳಿದಿದೆ. ಉಳಿದ ಮೂರು ಸಾವಿರದಲ್ಲಿ ಮಗಳಿಗೆ ಬಿಳಿ ಯೂನಿಫಾರ್ಮು.

“ಮುಂದಿನ್ ಸಂತೆಗೆ ನಾನೂ ನನ್ ತಂಗಿನೂ ಓಯ್ತೀವಿ. ನೀವ್ ಬ್ಯಾಡಿ ಬಾವ, ಮನೇಲಿರಿ.”

ಕೆಲಸದಿಂದ ತೆಗೆದುಹಾಕಿದ್ದಕ್ಕೆ ಇಷ್ಟು ಖುಷಿಪಟ್ಟ ಮೇಷ್ಟ್ರು ನಾನೊಬ್ಬನೇ ಇರಬೇಕು, ಅಲ್ಲವೇ?