ಬಾಬಿನ್ ಮಾವನಿಗೆ ಉಳಿದಿದ್ದ ಮಾತು

ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದ ಆತನನ್ನು ಬೀದಿಯವರೆಲ್ಲ ಬಾಬಿನ್ ಮಾವ ಎನ್ನುತ್ತಿದ್ದರು. ಬಾಯಿ ತೆರೆದರೆ ಮುಚ್ಚುವ ಆಸಾಮಿಯಲ್ಲ. ಮುಂದಿನ ಕೋಣೆಯೇ ಅಂಗಡಿ. ಅಲ್ಲಿಂದ "ಏ ಇವಳೇ, ಟೀ!" ಎಂದು ಕೂಗಿದರೆ, ಒಳಗಿನಿಂದ ಹೆಂಡತಿ "ಯಾಕೆ, ನನಗೇನು ಹೆಸರಿಲ್ವಾ?" ಎಂದು ಸಿಡುಕುತ್ತಿದ್ದಳು.

ಪಾರ್ಶ್ವವಾಯು ಬಡಿದು ಬಲಗಡೆ ಸೋತಾಗ ಮಾತೂ ಹೋಯಿತು. ನೀರು, ಬಾಗಿಲು, ಆ "ಇವಳೇ" ಕೂಡ ನಾಲಗೆಗೆ ಬರಲಿಲ್ಲ. ಅಂಗಡಿಯ ಇಂಗ್ಲಿಷ್ ಮಾತ್ರ ಹೇಗೋ ಉಳಿದುಕೊಂಡಿತ್ತು. ಆಸ್ಪತ್ರೆಯಿಂದ ಬಂದವನೇ ಗಂಟಲು ಮುಟ್ಟಿಕೊಂಡು "ಆಯಿಲ್" ಎಂದ. ಅವಳು ನೀರು ಕೊಟ್ಟಳು. ಬಲಗಾಲು ತೋರಿಸಿ "ಬೆಲ್ಟ್ ಲೂಸ್" ಎಂದ. ಹೊಟ್ಟೆ ಕಟ್ಟಿದ ಬೆಳಗ್ಗೆ "ಜಾಮ್" ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಆತನೂ ಅರ್ಧ ಬಾಯಲ್ಲಿ ನಕ್ಕ.

"ಏನಕ್ಕಾ, ಹೇಗಿದಾರೆ ಯಜಮಾನ್ರು?" ಪಕ್ಕದ ಮನೆಯಾಕೆ ಕಿಟಕಿಯಿಂದ ಕೇಳಿದಳು.

"ಸರ್ವಿಸ್‌ಗೆ ಬಂದಿದೆ ಕಣೇ. ಸ್ಪೇರ್ ಸಿಗ್ತಿಲ್ಲ."

ಮಾತು ಕಲಿಸಲು ಬರುತ್ತಿದ್ದ ಹುಡುಗಿಗೆ ಇದು ಸರಿಬೀಳಲಿಲ್ಲ. "ಅಮ್ಮಾ, ನೀವೇ ಅರ್ಥ ಮಾಡ್ಕೊಂಡ್ಬಿಟ್ರೆ ಅವ್ರು ಯಾಕೆ ಕಷ್ಟಪಡ್ತಾರೆ? ನೀರು ಅನ್ನೋವರೆಗೂ ಲೋಟ ಕೊಡ್ಬೇಡಿ."

"ನನ್ನನ್ನ ಕರೀತಾರಾ?"

"ಪ್ರಯತ್ನ ಪಟ್ಟರೆ ತಾನೇ?"

ಆ ಒಂದು ಕೂಗಿನ ಆಸೆಗೆ ಅವಳು ಮನಸ್ಸು ಕಲ್ಲು ಮಾಡಿಕೊಂಡಳು. ಲೋಟ ಹಿಡಿದು ಮಂಚದಿಂದ ದೂರ ನಿಂತಳು.

"ಆಯಿಲ್."

"ಅಲ್ಲ. ನೀರು ಅನ್ನಿ."

"ಆಯಿಲ್."

"ಮೆಷಿನ್ ಭಾಷೆ ಸಾಕು ರೀ. ನೀ... ನೀರು."

ಆತನ ಕುತ್ತಿಗೆಯ ನರ ಉಬ್ಬಿತು, ಜೊಲ್ಲು ಇಳಿಯಿತು. ಮಾತು ಬರಲಿಲ್ಲ. ಕೊನೆಗೆ ಅವಳೇ ಸೋತು ಕುಡಿಸುತ್ತಿದ್ದಳು, ಮರುದಿನ ಮತ್ತೆ ಹಟ ಹಿಡಿಯುತ್ತಿದ್ದಳು. ಹೀಗೇ ಕೆಲವು ದಿನ. ಆಮೇಲೆ ಆತ ಕೇಳುವುದನ್ನೇ ಬಿಟ್ಟ. ಲೋಟ ಕಂಡರೆ ಗೋಡೆಯತ್ತ ಹೊರಳುತ್ತಿದ್ದ. ಬೆಲ್ಟ್ ಇಲ್ಲ, ಜಾಮ್ ಇಲ್ಲ. ಮನೆಯಲ್ಲಿ ಫ್ಯಾನಿನ ಸದ್ದೊಂದೇ.

ಅವಳಿಗೆ ದಿಗಿಲು ಹತ್ತಿತು. ಒಂದು ಮಧ್ಯಾಹ್ನ ಅಂಗಡಿಯ ಹಳೇ ಮೆಷಿನ್ನನ್ನು ಮಂಚದ ಪಕ್ಕಕ್ಕೆ ಎಳೆದು ತಂದು, ಬೇಕೆಂದೇ ದಾರ ಸಿಕ್ಕಾಗಿಸಿದಳು.

"ನೋಡಿ ರೀ, ಏನಾಗಿದೆ ಇದಕ್ಕೆ? ಬೈಯಿರಿ ಬೇಕಾದ್ರೆ."

ಆತ ಎಡಗೈ ಚಾಚಿ ಕೆಳಗಿನ ತಗಡು ಸರಿಸಿದ. ಬಾಬಿನ್ ತೆಗೆದು, ಸಿಕ್ಕು ಬಿಡಿಸಿ, ಮತ್ತೆ ಕೂರಿಸಿದ. ದಾರ ಸರಾಗವಾಗಿ ಬಂತು. ತುಟಿ ಅಲುಗಲಿಲ್ಲ.

ಅವಳು ಲೋಟ ತಂದು ಹತ್ತಿರ ಕುಳಿತಳು. "ಆಯಿಲ್ ಬೇಕೇನ್ರೀ?" ಎಂದಳು. ಆತ ಅವಳ ಮುಖವನ್ನೇ ನೋಡಿದ, ಕುಡಿದ, ಲೋಟ ಹಿಂದಕ್ಕೆ ಕೊಟ್ಟ.

ಅವಳು ಆತನ ಬೆರಳು ಹಿಡಿದು ಮೆಷಿನ್ನಿನ ಮೇಲಿಟ್ಟಳು. "ವೀಲ್," ಎಂದಳು. "ಶಟಲ್. ಬೆಲ್ಟ್." ತಾನೇ ಬೇಡವೆಂದಿದ್ದ ಮಾತುಗಳನ್ನು ಕೂಸಿಗೆ ಕಲಿಸುವಂತೆ ಒಂದೊಂದಾಗಿ ಹೇಳತೊಡಗಿದಳು. ಬಾಬಿನ್ ಮಾವ ಬಾಯಿ ಮುಚ್ಚಿಕೊಂಡೇ ಕೇಳುತ್ತಿದ್ದ.