ವಿನೋಬನಗರದಲ್ಲಿ ನನ್ನ ಸರದಿ

ವಿನೋಬನಗರಕ್ಕೆ ಬಂದ ಮೊದಲ ಗುರುವಾರ, ಮನೆಪ್ರಾರ್ಥನೆ ಮುಗಿದ ಮೇಲೆ, ಕೈಚೀಲದಿಂದ ನನ್ನ ಸ್ಟೀಲ್ ಲೋಟ ತೆಗೆದು ಮುಂದಿಟ್ಟುಕೊಂಡೆ. ಹನ್ನೆರಡು ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಮನೆಯೊಡತಿ, "ಅಯ್ಯೋ, ಉಡುಗೊರೆ ಎಲ್ಲಾ ಯಾಕೆ ತರೋಕೆ ಹೋದ್ರಿ?" ಅನ್ನುತ್ತ ಲೋಟ ಎತ್ತಿಕೊಂಡು ಒಳಗೆ ಇಟ್ಟೇಬಿಟ್ಟರು. ವಾಪಸ್ ಕೇಳುವ ಧೈರ್ಯ ನನಗೆ ಬರಲಿಲ್ಲ. ಅದು ಇವತ್ತಿಗೂ ಅವರ ಮನೆಯಲ್ಲೇ ಇದೆ.

ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿರುವ ನಿಮಗೆ ನನ್ನ ತಪ್ಪೇನೆಂದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಯಾರ ಮನೆಯಲ್ಲೂ ಹನ್ನೆರಡು ಲೋಟ ಇರಲಿಲ್ಲ. ಪ್ರಾರ್ಥನೆಗೆ ಹೋಗುವಾಗ ಹಾಡಿನ ಪುಸ್ತಕದ ಜೊತೆ ಲೋಟವನ್ನೂ ಒಯ್ಯುತ್ತಿದ್ದೆವು. ಚಹಾ, ಮಂಡಕ್ಕಿ, ಅಷ್ಟೇ. ಅದಕ್ಕಿಂತ ಹೆಚ್ಚು ಕೊಡಕೂಡದು ಎಂದು ಹಿರಿಯ ಹೆಂಗಸರು ಕಟ್ಟು ಮಾಡಿದ್ದರು. ಗಂಡನಿಗೆ ಕೆಲಸವಿಲ್ಲದ ಮನೆಗೂ ಪ್ರಾರ್ಥನೆ ಕರೆಯುವ ಸರದಿ ಬರಬೇಕಲ್ಲ.

ಯಜಮಾನರು ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಶಿವಮೊಗ್ಗದ ಸಿಮೆಂಟ್ ಗೋದಾಮೊಂದಕ್ಕೆ ಸೇರಿದ್ದರಿಂದ ನಾವು ಇಲ್ಲಿಗೆ ಬಂದೆವು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಇದನ್ನು ವಲಸೆ ಅಂದರೆ ನಗುತ್ತೀರಿ. ಆದರೆ ನಲ್ಲಿಯ ಹತ್ತಿರ ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿ ಜಗಳವಾಡುತ್ತಿದ್ದ ನಾನು ಇಲ್ಲಿ ಬಾಯಿ ತೆರೆಯುವ ಮೊದಲು ಯೋಚಿಸಬೇಕಾಯಿತು. ಅಲ್ಲಿ ಎದುರು ಸಿಕ್ಕಾಗ "ಸ್ತೋತ್ರಂ ಅಕ್ಕಾ" ಅಂದರೆ ಮುಗಿಯಿತು. ಇಲ್ಲಿ "ಪ್ರೈಸ್ ದಿ ಲಾರ್ಡ್ ಸಿಸ್ಟರ್" ಅನ್ನಬೇಕು.

ಇಲ್ಲಿನ ಗುರುವಾರಗಳೇ ಬೇರೆ. ಒಬ್ಬರ ಮನೆಯಲ್ಲಿ ಕೇಕ್, ಮುಂದಿನವರಲ್ಲಿ ಕೇಕಿನ ಜೊತೆ ಕಟ್ಲೆಟ್, ಅದರ ಮುಂದಿನವರಲ್ಲಿ ಬಿರಿಯಾನಿ. ಬಂದವರಿಗೆ ಹೋಗುವಾಗ ಬಟ್ಟಲೋ ಡಬ್ಬಿಯೋ ಕೊಟ್ಟು ಕಳಿಸುತ್ತಾರೆ. ಅದಕ್ಕೆ ರಿಟರ್ನ್ ಗಿಫ್ಟ್ ಅನ್ನುತ್ತಾರೆ. ಆಮೆನ್ ಆದ ಕೂಡಲೇ ಕೆಲವರು ಪರದೆಯ ಬಟ್ಟೆ ಮುಟ್ಟಿ ನೋಡುತ್ತಿದ್ದರು. ನಾನಂತೂ ಆಮೆನ್‌ಗೆ ಮೊದಲೇ ಒಂದು ಕಣ್ಣು ಬಿಟ್ಟು ಷೋಕೇಸ್ ನೋಡಿ ಮುಗಿಸಿರುತ್ತಿದ್ದೆ. ಸುಳ್ಳು ಯಾಕೆ, ಆಸೆಯಾಗುತ್ತಿತ್ತು.

ನನ್ನ ಹಾಗೆ ಭದ್ರಾವತಿಯಿಂದ ಬಂದವಳು ಇನ್ನೊಬ್ಬಳಿದ್ದಳು, ಸೆಲ್ವಿ. ಕ್ಲಿನಿಕ್ಕೊಂದರಲ್ಲಿ ನೆಲ ಒರೆಸುವ ಕೆಲಸ, ಗೋಪಾಳದ ಆಚೆ ಒಂದೇ ಕೋಣೆಯ ಬಾಡಿಗೆ ಮನೆ. ಸರದಿ ಬಂದಾಗಲೆಲ್ಲ "ಮುಂದಿನ ತಿಂಗಳು" ಅಂದು ತಪ್ಪಿಸಿಕೊಳ್ಳುತ್ತಿದ್ದಳು. ನನ್ನ ಸರದಿ ಗೊತ್ತಾದ ದಿನ ನನ್ನನ್ನು ಪಕ್ಕಕ್ಕೆ ಕರೆದಳು.

"ಅಕ್ಕಾ, ನೀವು ನಮ್ಮೂರ ಥರಾನೇ ಮಾಡ್ಬಿಡಿ. ಆಮೇಲೆ ನಾನೂ ಧೈರ್ಯವಾಗಿ ಕರೀತೀನಿ."

ಹೂಂ ಅಂದೆ.

ಹೂಂ ಅಂದವಳು ಹೋಗಿ ಪಕ್ಕದ ಮನೆಯ ಗಿರಿಜಕ್ಕನ ಸೋಫಾ ಕೇಳಿದೆ. ಅವರು ಮಠಕ್ಕೆ ನಡೆದುಕೊಳ್ಳುವವರು, ಕೈ ಎತ್ತಿ ನಮ್ಮ ವಿಶ್ವಾಸಕ್ಕೆ ಸೇರಿದವರಲ್ಲ. "ತಗೊಂಡ್ಹೋಗಿ. ಅಲ್ಲ ಮಾರಾಯ್ತಿ, ಚಾಪೆ ಮೇಲೆ ಕೂತ್ರೆ ನಿಮ್ ದೇವ್ರು ಬರಲ್ವಾ?" ಎಂದು ಕಿಚಾಯಿಸಿದರು. ಸೋಫಾ ಬಂತು, ಹೊಸ ಪರದೆ ಬಂತು, ಕೇಕ್ ಬಂತು, ಬಟ್ಟಲುಗಳೂ ಬಂದವು. ಅವತ್ತು ಪಾಠ ಹೇಳುವ ಜವಾಬ್ದಾರಿಯೂ ನನ್ನದೇ. ಎರವಲು ಸೋಫಾದ ಮೇಲೆ ಕೂತು, ವಿಶ್ವಾಸಿಗಳು ಇದ್ದುದರಲ್ಲೇ ತೃಪ್ತರಾಗಿರಬೇಕು ಎಂದು ಹತ್ತು ನಿಮಿಷ ಹೇಳಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಸೆಲ್ವಿ ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ಎಲ್ಲರೂ ಮನೆಯನ್ನು ಹೊಗಳಿದರು, ನಾನು ಹಿಗ್ಗಿದೆ.

ಮುಂದಿನ ಗುರುವಾರ ಸೆಲ್ವಿ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಕ್ಲಿನಿಕ್ಕಿಗೇ ಹೋಗಿ ಕೇಳಿದೆ. ಒರೆಸುವುದನ್ನು ನಿಲ್ಲಿಸದೆ ಹೇಳಿದಳು:

"ಕೋಪ ಏನಿಲ್ಲ ಅಕ್ಕಾ. ಎಲ್ಲರ ಮನೇಲಿ ತಿಂದ್ಮೇಲೆ ನಮ್ಮನೆಗೂ ಕರೀಬೇಕಲ್ಲ. ಅವ್ರೆಲ್ಲ ಹಂಗೇ ಅಂತ ಗೊತ್ತು. ನೀವು ಬೇರೆ ಅನ್ಕೊಂಡಿದ್ದೆ."

ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಪ್ರಾರ್ಥನೆಯ ಕೂಟದಿಂದ ಒಬ್ಬಳನ್ನು ಹೊರಗೆ ಕಳಿಸಿದವಳು ನಾನೇ.

ಆ ಗುರುವಾರ ಎಲ್ಲರ ಮುಂದೆ ಎದ್ದು ನಿಂತು, ಅವತ್ತಿನ ಸೋಫಾ ನನ್ನದಲ್ಲ, ಸೆಲ್ವಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಲಿಲ್ಲ ಎಂದು ಹೇಳಿಬಿಟ್ಟೆ. ಮುಂದಿನ ವಾರ ಅವಳ ಮನೆಯಲ್ಲಿ ಸೇರೋಣ, ಮತ್ತೆ ಹೋಗಿ ಕೇಳಿದ್ದೇನೆ, ಅವಳು ಒಪ್ಪಿದ್ದಾಳೆ ಅಂದೆ. ಹನ್ನೆರಡರಲ್ಲಿ ಬಂದವರು ಐವರು. ಮಂಡಿಗೆ ಮಂಡಿ ತಾಗಿಸಿ ಕೂತೆವು. ಸೆಲ್ವಿ ಮೊದಲ ಸಲ ಬಾಯಿಬಿಟ್ಟು ಪ್ರಾರ್ಥಿಸಿದಳು, ಅರ್ಧ ಕನ್ನಡ, ಅರ್ಧ ತಮಿಳು. ನಮ್ಮ ಕ್ವಾರ್ಟರ್ಸಿನ ಆ ಮಾತಿನಲ್ಲಿ ಪ್ರಾರ್ಥನೆ ಕೇಳಿ ವರ್ಷವಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಬಾರದವರು ಈಗಲೂ ನನ್ನನ್ನು "ಭದ್ರಾವತಿಯವರು" ಅನ್ನುತ್ತಾರೆ. ಇರಲಿ. ಆದರೆ ಹೋದ ತಿಂಗಳು ಕ್ವಾರ್ಟರ್ಸ್‌ಗೆ ಬಂದಾಗ ನೀವೆಲ್ಲ ಚಾಪೆಯ ಮೇಲೆ ಕೂತು, "ಶಿವಮೊಗ್ಗದೋರು ಬಂದ್ರು" ಎಂದು ನನಗೊಬ್ಬಳಿಗೆ ಕುರ್ಚಿ ಹಾಕಿದಿರಿ. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಮುಂದಿನ ಸಲ ದಯವಿಟ್ಟು ಹಾಕಬೇಡಿ. ಹಾಕಿದರೆ ನಾನು ಕೂತುಬಿಡುತ್ತೇನೆ.